ಉಪ್ಪುಕಾಗದದಲ್ಲಿ ಉಪ್ಪಿಲ್ಲ: ರೂಪಕ ತಿಳಿಯಲು ಪದ ಎಷ್ಟು ಗೊತ್ತಿರಬೇಕು?

‘ಅವಳ ಮಾತು ಉಪ್ಪುಕಾಗದ.’

ಒಂದು ಕತೆ ಓದುತ್ತಿದ್ದೀರಿ, ನಡುವೆ ಈ ಸಾಲು ಬಂತು ಅಂದುಕೊಳ್ಳಿ. ಮೂರೇ ಪದ. ವಾಕ್ಯದಲ್ಲಿ ಯಾವ ತೊಡಕೂ ಇಲ್ಲ. ಆದರೂ ಓದಿದ ಎಲ್ಲರಿಗೂ ಒಂದೇ ಅರ್ಥ ಸಿಗುವುದಿಲ್ಲ.

ಉಪ್ಪುಕಾಗದ ಏನೆಂದೇ ಗೊತ್ತಿಲ್ಲದವರು ಪದವನ್ನು ಒಡೆದು ನೋಡುತ್ತಾರೆ. ಉಪ್ಪು, ಆಮೇಲೆ ಕಾಗದ. ಉಪ್ಪು ಅಂದಮೇಲೆ ರುಚಿಯ ಮಾತಿರಬೇಕು. ಇಲ್ಲವೇ ಗಾಯದ ಮೇಲೆ ಉಪ್ಪು ಸವರುವ ಮಾತಿರಬೇಕು. ಏನೋ ಒಂದು ಊಹೆ ಮಾಡಿಕೊಂಡು ಮುಂದಿನ ಸಾಲಿಗೆ ಹೋಗುತ್ತಾರೆ.

ಸ್ವಲ್ಪ ಗೊತ್ತಿದ್ದವರಿಗೆ ಅದು ಸ್ಯಾಂಡ್‌ಪೇಪರ್ ಎಂದು ತಿಳಿದಿದೆ. ಮುಟ್ಟಿದರೆ ತರಿತರಿ. ಹಾಗಾಗಿ ಅವಳ ಮಾತು ಒರಟು, ಕೇಳಿದವರ ಮನಸ್ಸನ್ನು ತರಚುತ್ತದೆ ಎಂದು ಓದಿಕೊಳ್ಳುತ್ತಾರೆ. ಇದು ತಪ್ಪಲ್ಲ, ಅರ್ಧ.

ಮರಗೆಲಸವನ್ನು ಹತ್ತಿರ ನಿಂತು ನೋಡಿದವರಿಗೆ ಇನ್ನೂ ಒಂದು ವಿಷಯ ಗೊತ್ತು. ಉಪ್ಪುಕಾಗದ ಒರಟಾಗಿರುವುದೇ ಮರ ನುಣುಪಾಗಲಿ ಎಂದು. ಮೊದಲು ದಪ್ಪ ತರಿಯದ್ದು, ಆಮೇಲೆ ಸಣ್ಣ ತರಿಯದ್ದು. ಉಜ್ಜುವಾಗ ಹುಡಿ ಉದುರುತ್ತದೆ, ಸದ್ದು ಹಲ್ಲು ಚುಳ್ಳೆನ್ನುವ ಹಾಗಿರುತ್ತದೆ. ಮುಗಿದ ಮೇಲೆ ಹಲಗೆಯ ಮೇಲೆ ಬೆರಳಾಡಿಸಿದರೆ ಜಾರುತ್ತದೆ. ಇಷ್ಟು ತಿಳಿದವರಿಗೆ ಆ ಸಾಲು ಬೇರೆಯೇ ಮಾತು ಹೇಳುತ್ತದೆ: ಅವಳ ಮಾತು ಒರಟು ನಿಜ, ಆದರೆ ಕೇಳಿದವರು ಆ ಒರಟಿನಿಂದಲೇ ಹದವಾಗುತ್ತಾರೆ.

ಕತೆಯ ಮುಂದಿನ ಸಾಲು ಹೀಗಿದೆ ಅನ್ನಿ: ‘ಅವಳ ಕೈಕೆಳಗೆ ಪಳಗಿದವರ ಬರಹದಲ್ಲಿ ಒಂದು ಸಿಬಿರೂ ಸಿಗುವುದಿಲ್ಲ.’ ಮೂರನೆಯವರಿಗೆ ಮುಖದ ಮೇಲೆ ನಗು. ಮೊದಲನೆಯವರಿಗೆ ಈಗ ಎರಡು ಒಗಟು. ಉಪ್ಪಿಗೂ ಸಿಬಿರಿಗೂ ಏನು ಸಂಬಂಧ?

ಇಲ್ಲಿ ಮೂವರ ಬುದ್ಧಿಯಲ್ಲಿ ವ್ಯತ್ಯಾಸವಿಲ್ಲ. ‘ಇದು ರೂಪಕ ಅಲಂಕಾರ’ ಎಂದು ಮೂವರೂ ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಳ್ಳಬಲ್ಲರು. ವ್ಯತ್ಯಾಸ ಇರುವುದು ಒಂದು ಪದ ಅವರಿಗೆ ಎಷ್ಟು ಆಳಕ್ಕೆ ಗೊತ್ತು ಎಂಬುದರಲ್ಲಿ. ರೂಪಕ ಎಂದರೆ ಕಲ್ಪನಾಶಕ್ತಿಯ ವಿಷಯ, ಕವಿಹೃದಯ ಬೇಕು ಎಂದೆಲ್ಲ ಹೇಳುವುದುಂಟು. ನನಗೇನೋ ಅದು ಜಾಸ್ತಿಯಾಯಿತು ಅನ್ನಿಸುತ್ತದೆ. ಎಷ್ಟೋ ಸಲ ಬೇಕಿರುವುದು ಆ ವಸ್ತು ಏನು ಮಾಡುತ್ತದೆ ಎಂಬ ಸಾದಾ ತಿಳಿವಳಿಕೆ.

ತಲೆಯೊಳಗೆ ಏನಾಗುತ್ತದೆ

ಪದ ಎಂದರೆ ನಿಘಂಟಿನ ಒಂದು ಸಾಲಿನ ಅರ್ಥ ಮಾತ್ರವಲ್ಲ. ‘ಶಾರ್ಕ್’ ಎಂದ ಕೂಡಲೇ ಮೀನು, ಸಮುದ್ರ, ಚೂಪಾದ ಹಲ್ಲು, ರೆಕ್ಕೆ, ಚೆನ್ನಾಗಿ ಈಜುತ್ತದೆ, ಬೇಟೆಯಾಡುತ್ತದೆ, ಹಿಡಿದರೆ ಬಿಡುವುದಿಲ್ಲ ಎಂದು ಹತ್ತಾರು ಸಂಗತಿ ಒಟ್ಟಿಗೆ ಎದ್ದು ಬರುತ್ತವೆ. ‘ಆ ವಕೀಲ ಒಬ್ಬ ಶಾರ್ಕ್’ ಎಂದು ಓದಿದಾಗ ಇವುಗಳಲ್ಲಿ ಕೆಲವನ್ನು ಮಾತ್ರ ಇಟ್ಟುಕೊಳ್ಳಬೇಕು. ಹಿಡಿದರೆ ಬಿಡುವುದಿಲ್ಲ ಎಂಬುದು ಬೇಕು. ರೆಕ್ಕೆ ಬೇಡ. ಈಜು ಬೇಡ.

ಮನಶ್ಶಾಸ್ತ್ರಜ್ಞೆ ಮಾರ್ಟನ್ ಆನ್ ಗರ್ನ್ಸ್‌ಬೇಕರ್ ಮತ್ತು ಜೊತೆಗಾರರು 2001ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನೇ ಅಳೆಯಿತು. ಜನರಿಗೆ ಮೊದಲು ವಕೀಲನನ್ನು ಶಾರ್ಕ್ ಎನ್ನುವ ವಾಕ್ಯ ತೋರಿಸಿದರು. ಆಮೇಲೆ ಶಾರ್ಕ್ ಬಗ್ಗೆ ಇನ್ನೊಂದು ವಾಕ್ಯ ಕೊಟ್ಟು, ಇದಕ್ಕೆ ಅರ್ಥವಿದೆಯೋ ಇಲ್ಲವೋ ಬೇಗ ಹೇಳಿ ಎಂದರು. ಶಾರ್ಕಿನ ಪಟ್ಟು ಬಿಡದ ಗುಣದ ವಾಕ್ಯಕ್ಕೆ ಜನ ಬೇಗ ಉತ್ತರಿಸಿದರು. ಶಾರ್ಕ್ ಚೆನ್ನಾಗಿ ಈಜುತ್ತದೆ ಎಂಬ ವಾಕ್ಯಕ್ಕೆ ತಡವರಿಸಿದರು. ಈಜುವುದು ಎಲ್ಲರಿಗೂ ಗೊತ್ತಿರುವ ಸಂಗತಿಯೇ. ಆದರೂ ರೂಪಕ ಓದಿದ ಮೇಲೆ ಅದು ಹಿಂದಕ್ಕೆ ಸರಿದಿತ್ತು. ಅಂದರೆ ರೂಪಕ ಅರ್ಥ ಮಾಡಿಕೊಳ್ಳುವಾಗ ಮನಸ್ಸು ಎರಡು ಕೆಲಸ ಮಾಡುತ್ತದೆ. ಬೇಕಾದ ಗುಣವನ್ನು ಎತ್ತಿ ಹಿಡಿಯುತ್ತದೆ, ಬೇಡದ್ದನ್ನು ಅದುಮುತ್ತದೆ.

ಆರಿಸುವುದಕ್ಕೆ ಮೊದಲು ಅಲ್ಲಿ ಏನಾದರೂ ಇರಬೇಕಲ್ಲ! ಶಾರ್ಕ್ ಅಂದರೆ ಒಂದು ಜಾತಿಯ ಮೀನು ಎಂದಷ್ಟೇ ಗೊತ್ತಿದ್ದರೆ ಎತ್ತಿ ಹಿಡಿಯಲು ಏನೂ ಇಲ್ಲ, ಅದುಮಲೂ ಏನೂ ಇಲ್ಲ. ವಕೀಲ ಮೀನಂತೆ, ಅಷ್ಟೇ.

ಈ ಆಯ್ಕೆಯನ್ನು ನಾವು ಕೂತು ಯೋಚಿಸಿ ಮಾಡುವುದೂ ಇಲ್ಲ. ಸ್ಯಾಮ್ ಗ್ಲಕ್ಸ್‌ಬರ್ಗ್ ಮತ್ತು ಜೊತೆಗಾರರು 1982ರಲ್ಲಿ ಒಂದು ಚಮತ್ಕಾರದ ಪ್ರಯೋಗ ಪ್ರಕಟಿಸಿದರು. ವಾಕ್ಯ ಅಕ್ಷರಶಃ ನಿಜವೋ ಸುಳ್ಳೋ ಎಂದಷ್ಟೇ ಹೇಳಬೇಕು, ಬೇರೇನೂ ಬೇಡ. ‘ಕೆಲವು ನೌಕರಿಗಳು ಜೈಲು’ ಎಂಬಂಥ ವಾಕ್ಯ ಅಕ್ಷರಶಃ ಸುಳ್ಳು. ಹಾಗಿದ್ದೂ ಅದನ್ನು ಸುಳ್ಳು ಎನ್ನಲು ಜನ ಹೆಚ್ಚು ಸಮಯ ತೆಗೆದುಕೊಂಡರು. ಅರ್ಥವೇ ಇಲ್ಲದ ಸುಳ್ಳು ವಾಕ್ಯಗಳಿಗೆ ಅಷ್ಟು ಹೊತ್ತು ಬೇಕಾಗಲಿಲ್ಲ. ಬೇಡವೆಂದರೂ ರೂಪಕದ ಅರ್ಥ ಒಳಗೆ ಬಂದು ಅಡ್ಡ ನಿಂತಿತ್ತು. ಪದಗಳು ಚೆನ್ನಾಗಿ ಗೊತ್ತಿದ್ದರೆ ರೂಪಕ ತಾನಾಗಿಯೇ ಹೊಳೆಯುತ್ತದೆ, ತಡೆಯಲೂ ಆಗುವುದಿಲ್ಲ. ರೂಪಕ ಕಷ್ಟ ಎಂದು ನಾವು ಹೇಳುವಾಗ ಸಾಮಾನ್ಯವಾಗಿ ಕಷ್ಟವಾಗಿರುವುದು ಪದ.

ಮುಖ್ಯಾರ್ಥ ಗೊತ್ತಿಲ್ಲದಿದ್ದರೆ ಎಡವುವುದೂ ಇಲ್ಲ

ನಮ್ಮ ಹಳೆಯ ಅಲಂಕಾರಶಾಸ್ತ್ರದವರು ಇದನ್ನು ಬೇರೆ ದಾರಿಯಲ್ಲಿ ಹೇಳಿದ್ದಾರೆ, ಬಹಳ ಚೊಕ್ಕವಾಗಿ. ಪದದ ನೇರ ಅರ್ಥ ಕೊಡುವ ಶಕ್ತಿಗೆ ಅಭಿಧಾ ಎಂದರು. ಅದನ್ನು ದಾಟಿ ಹತ್ತಿರದ ಅರ್ಥ ಕೊಡುವುದಕ್ಕೆ ಲಕ್ಷಣಾ ಎಂದರು. ಅವರ ನೆಚ್ಚಿನ ಉದಾಹರಣೆ ‘ಗಂಗೆಯಲ್ಲಿ ಹಟ್ಟಿ ಇದೆ’. ಹರಿಯುವ ನೀರಿನ ಮೇಲೆ ದನಗಾಹಿಗಳ ಹಟ್ಟಿ ಇರಲಾರದು. ಹಾಗಾಗಿ ‘ಗಂಗೆ’ ಎಂದರೆ ಇಲ್ಲಿ ಗಂಗೆಯ ದಡ. ಸುಮ್ನೆ ‘ದಡದಲ್ಲಿ’ ಎನ್ನದೆ ‘ಗಂಗೆಯಲ್ಲಿ’ ಎಂದಿದ್ದೇಕೆ? ಹಟ್ಟಿಗೂ ಗಂಗೆಯ ತಂಪು, ಪಾವಿತ್ರ್ಯ ತಟ್ಟಲಿ ಎಂದು.

11ನೆಯ ಶತಮಾನದ ಮಮ್ಮಟ ಲಕ್ಷಣೆಗೆ ಬೇಕಾದ್ದನ್ನು ಮೂರು ಮಾತಿನಲ್ಲಿ ಇಟ್ಟ. ಮುಖ್ಯಾರ್ಥ, ಅಂದರೆ ಪದದ ನೇರ ಅರ್ಥ, ಹೊಂದದೆ ಹೋಗಬೇಕು. ಹೊಸ ಅರ್ಥಕ್ಕೂ ಮುಖ್ಯಾರ್ಥಕ್ಕೂ ಸಂಬಂಧ ಇರಬೇಕು. ಹಾಗೆ ಹೇಳಲು ರೂಢಿ ಇರಬೇಕು, ಇಲ್ಲವೇ ಒಂದು ಉದ್ದೇಶ ಇರಬೇಕು.

ಇದರಲ್ಲಿ ಮೊದಲನೆಯದನ್ನು ಗಮನಿಸಿ. ಮುಖ್ಯಾರ್ಥ ಹೊಂದುವುದಿಲ್ಲ ಎಂದು ತಿಳಿಯಬೇಕಾದರೆ ಮುಖ್ಯಾರ್ಥ ಗೊತ್ತಿರಬೇಕು. ಗಂಗೆ ಒಂದು ನದಿ ಎಂದೇ ಗೊತ್ತಿಲ್ಲದವನಿಗೆ ‘ಗಂಗೆಯಲ್ಲಿ ಹಟ್ಟಿ ಇದೆ’ ಎಂಬುದರಲ್ಲಿ ಯಾವ ತೊಂದರೆಯೂ ಕಾಣುವುದಿಲ್ಲ. ಗಂಗೆ ಎಂಬ ಊರಿರಬೇಕು, ಅಲ್ಲೊಂದು ಹಟ್ಟಿ. ಅವನು ಎಡವಲೇ ಇಲ್ಲ. ಎಡವದಿದ್ದರೆ ನಿಂತು ನೋಡುವ ಪ್ರಶ್ನೆಯೂ ಬರುವುದಿಲ್ಲ.

ಪದ ಗೊತ್ತಿಲ್ಲದಾಗ ಆಗುವ ದೊಡ್ಡ ನಷ್ಟ ಇದೇ. ರೂಪಕ ಅರ್ಥವಾಗದೆ ಹೋಗುವುದು ಆಮೇಲಿನ ಮಾತು. ಅಲ್ಲೊಂದು ರೂಪಕ ಇತ್ತು ಎಂಬುದೇ ಗೊತ್ತಾಗುವುದಿಲ್ಲ. ಮಗುವನ್ನು ‘ಅರ್ಥವಾಯಿತಾ?’ ಎಂದು ಕೇಳಿದರೆ ‘ಹೂಂ’ ಎನ್ನುತ್ತದೆ. ಸುಳ್ಳು ಹೇಳುತ್ತಿಲ್ಲ. ಅದಕ್ಕೆ ನಿಜವಾಗಿಯೂ ಏನೋ ಒಂದು ಅರ್ಥ ಆಗಿದೆ.

ಸಂದರ್ಭ ನೋಡಿ ಊಹಿಸಿದರೆ ಸಾಲದೇ ಎಂದು ಕೇಳಬಹುದು. ಸಂದರ್ಭದ ಬಲ ನಿಜ. ಆಂಡ್ರ್ಯೂ ಆರ್ಟನಿ ಮತ್ತು ಜೊತೆಗಾರರು 1978ರಲ್ಲೇ ತೋರಿಸಿದ್ದಾರೆ. ಹಿಂದೆ ಸಾಕಷ್ಟು ಕತೆ ಇದ್ದರೆ ರೂಪಕದ ಅರ್ಥಕ್ಕೆ ಹೆಚ್ಚು ಹೊತ್ತು ಬೇಕಿಲ್ಲ, ನೇರ ಅರ್ಥದಷ್ಟೇ ಬೇಗ ಓದಿಸಿಕೊಳ್ಳುತ್ತದೆ. ಆದರೆ ಸಂದರ್ಭ ಹೇಳುವುದು ಯಾವ ಕಡೆ ನೋಡಬೇಕು ಎಂದು. ನೋಡಿದ ಕಡೆ ಏನಿದೆ ಎಂಬುದು ಪದದಿಂದಲೇ ಬರಬೇಕು. ಜೊತೆಗೆ, ಒಂದು ಪುಟದಲ್ಲಿ ಗೊತ್ತಿಲ್ಲದ ಪದ ಹತ್ತು ಇದ್ದರೆ ಆ ಸಂದರ್ಭವಾದರೂ ಎಲ್ಲಿ ಉಳಿಯಿತು?

ಕಡಿವಾಣ, ಅಂಕುಶ, ಮೂಗುದಾರ

ಓದುವಿಕೆಯ ಬಗ್ಗೆ ಬರೆಯುವವರು ಪದಜ್ಞಾನಕ್ಕೆ ಹರವು ಮತ್ತು ಆಳ ಎಂದು ಎರಡು ಅಳತೆ ಹೇಳುತ್ತಾರೆ. ರಿಚರ್ಡ್ ಆಂಡರ್ಸನ್ ಮತ್ತು ಪೀಟರ್ ಫ್ರೀಬಾಡಿ 1981ರಲ್ಲಿ ಈ ವ್ಯತ್ಯಾಸವನ್ನು ಸ್ಪಷ್ಟವಾಗಿ ಮುಂದಿಟ್ಟರು. ಎಷ್ಟು ಪದ ಗೊತ್ತು ಎಂಬುದು ಹರವು. ಒಂದೊಂದು ಪದ ಎಷ್ಟು ಚೆನ್ನಾಗಿ ಗೊತ್ತು ಎಂಬುದು ಆಳ. ರೂಪಕಕ್ಕೆ ಬೇಕಾಗುವುದು ಬಹುಪಾಲು ಆಳವೇ.

ಪತ್ರಿಕೆಗಳ ತಲೆಬರಹ ನೋಡಿ. ಬೆಲೆ ಏರಿಕೆಗೆ ಕಡಿವಾಣ. ಅಧಿಕಾರಿಗಳ ದರ್ಪಕ್ಕೆ ಅಂಕುಶ. ಪುಂಡರಿಗೆ ಮೂಗುದಾರ. ಮೂರಕ್ಕೂ ‘ನಿಯಂತ್ರಣ’ ಎಂದು ಪಕ್ಕದಲ್ಲಿ ಬರೆದುಕೊಂಡರೆ ಸುದ್ದಿ ತಿಳಿಯುತ್ತದೆ, ಒಪ್ಪೋಣ. ಹೋಗಿದ್ದು ಏನು?

ಕಡಿವಾಣ ಕುದುರೆಯ ಬಾಯಿಗೆ ಹಾಕುವಂಥದ್ದು. ಅದಕ್ಕೆ ಕಟ್ಟಿದ ಹಗ್ಗ ಸವಾರನ ಕೈಯಲ್ಲಿರುತ್ತದೆ. ಕುದುರೆ ಓಡಬೇಕು, ಓಡದಿದ್ದರೆ ಸವಾರನಿಗೆ ಉಪಯೋಗವಿಲ್ಲ. ಎಷ್ಟು ವೇಗ, ಯಾವ ಕಡೆ ಎಂಬುದು ಮಾತ್ರ ಸವಾರನ ಇಷ್ಟ. ಹಾಗಾಗಿ ‘ಬೆಲೆ ಏರಿಕೆಗೆ ಕಡಿವಾಣ’ ಎಂದರೆ ಬೆಲೆ ಏರುವುದು ನಿಂತೇಹೋಯಿತು ಎಂದಲ್ಲ. ಏರುವುದು ಕೈಮೀರದ ಹಾಗೆ ನೋಡಿಕೊಳ್ಳುತ್ತಾರೆ ಎಂದು.

ಅಂಕುಶ ಆನೆಯದು. ಒಂದು ಕೋಲು, ತುದಿಯಲ್ಲಿ ಕೊಕ್ಕೆ. ಆನೆಯ ಗಾತ್ರದ ಮುಂದೆ ಅದು ಏನೇನೂ ಅಲ್ಲ. ಆದರೆ ಚೂಪು, ಮತ್ತು ಎಲ್ಲಿ ಚುಚ್ಚಬೇಕೆಂದು ಮಾವುತನಿಗೆ ಗೊತ್ತು. ಅದಕ್ಕೇ ಅಧಿಕಾರದ ಮದ, ದರ್ಪ ಇಂಥ ದೊಡ್ಡ ಗಾತ್ರದವಕ್ಕೆ ಅಂಕುಶ ಹೊಂದುತ್ತದೆ. ಚಿಕ್ಕ ಕಾನೂನೊಂದು ದೊಡ್ಡ ಬಲವನ್ನು ಹಿಡಿದು ನಿಲ್ಲಿಸುವಾಗ ಈ ಪದಕ್ಕೆ ಬೆಲೆ. ‘ನಿರಂಕುಶ’ ಎಂಬ ಪದದ ಒಳಗೂ ಇದೇ ಆನೆ ಇದೆ. ನಿರಂಕುಶ ಪ್ರಭುತ್ವ ಎಂದರೆ ಅಂಕುಶವೇ ಇಲ್ಲದ ಆನೆ. ಆ ಪದವನ್ನು ಪಠ್ಯದಲ್ಲಿ ಉರು ಹೊಡೆದ ಎಷ್ಟು ಮಂದಿಗೆ ಆನೆ ಕಂಡಿದೆಯೋ!

ಮೂಗುದಾರದ ರೀತಿಯೇ ಬೇರೆ. ಎತ್ತಿನ ಮೂಗು ಚುಚ್ಚಿ ಪೋಣಿಸಿದ ಹಗ್ಗ ಅದು. ಕಡಿವಾಣವನ್ನು ಸವಾರಿ ಮುಗಿದ ಮೇಲೆ ತೆಗೆಯಬಹುದು. ಮೂಗುದಾರ ಅಲ್ಲೇ ಇರುತ್ತದೆ. ಹಾಕಿಸಿಕೊಂಡ ಎತ್ತನ್ನು ಚಿಕ್ಕ ಹುಡುಗನೂ ಎಳೆದುಕೊಂಡು ಹೋಗಬಹುದು. ಹಾಗಾಗಿ ‘ಅವನಿಗೆ ಮೂಗುದಾರ ಹಾಕಬೇಕು’ ಎಂಬ ಮಾತಿನಲ್ಲಿ ಹತೋಟಿಯ ಜೊತೆಗೆ ಒಂದಿಷ್ಟು ಅವಮಾನವೂ ಇದೆ. ಗೌರವವಿರುವ ಹಿರಿಯರ ಬಗ್ಗೆ ಯಾರೂ ಹಾಗೆನ್ನುವುದಿಲ್ಲ.

ಇನ್ನೊಂದು: ಒರೆಗೆ ಹಚ್ಚುವುದು. ಒರೆಗಲ್ಲು ಕಪ್ಪು ಕಲ್ಲು. ಅದರ ಮೇಲೆ ಚಿನ್ನವನ್ನು ಉಜ್ಜಿದರೆ ಗೆರೆ ಮೂಡುತ್ತದೆ. ಶುದ್ಧತೆ ಗೊತ್ತಿರುವ ಚಿನ್ನದ ಗೆರೆಯ ಪಕ್ಕದಲ್ಲಿ ಇದನ್ನಿಟ್ಟು ಹೋಲಿಸಿ ನೋಡುತ್ತಾರೆ. ಅಂದರೆ ಒರೆಗೆ ಹಚ್ಚುವುದು ಎಂದರೆ ಬರೀ ಪರೀಕ್ಷೆಯಲ್ಲ. ಅಸಲಿಯೋ ನಕಲಿಯೋ, ಎಷ್ಟು ಬೆರಕೆ ಎಂಬ ಪರೀಕ್ಷೆ. ಒಬ್ಬರ ಪ್ರಾಮಾಣಿಕತೆಯನ್ನು, ವಾದದ ಸತ್ಯವನ್ನು ಒರೆಗೆ ಹಚ್ಚಬಹುದು. ‘ಸೇತುವೆಯ ಬಲವನ್ನು ಒರೆಗೆ ಹಚ್ಚಿದರು’ ಎಂದು ಬರೆದರೆ ವ್ಯಾಕರಣ ತಪ್ಪಿಲ್ಲ, ಒರೆಗಲ್ಲು ನೋಡಿದವರಿಗೆ ಮಾತ್ರ ಕಿರಿಕಿರಿ.

ಶಾಲೆಯ ನೋಟ್ಸ್‌ಗಳಲ್ಲಿ ನುಡಿಗಟ್ಟು ಒಂದು ಕಡೆ, ಅದರ ಅರ್ಥ ಇನ್ನೊಂದು ಕಡೆ ಬರೆಸುವ ಕ್ರಮದ ಬಗ್ಗೆ ನನ್ನ ತಕರಾರು ಇದೇ. ‘ಅಂಕುಶ: ನಿಯಂತ್ರಣ’ ಎಂದು ಕಲಿತ ಮಗು ಉತ್ತರ ಬರೆಯುತ್ತದೆ. ಹೊಸ ಸಾಲೊಂದು ಎದುರಾದಾಗ, ಉದಾಹರಣೆಗೆ ‘ಅವನ ಅಂಕುಶ ಮೊಂಡಾಗಿತ್ತು’ ಎಂದಾಗ, ‘ನಿಯಂತ್ರಣ ಮೊಂಡಾಗಿತ್ತು’ ಎಂದು ಹಾಕಿ ನೋಡಿ ಕೈಚೆಲ್ಲುತ್ತದೆ. ಆನೆ, ಮಾವುತ, ಕೊಕ್ಕೆ ಗೊತ್ತಿರುವ ಮಗುವಿಗೆ ಈ ಸಾಲನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

ಕಾವಲುಗಾರ ಬಂಡೆಯಾದದ್ದು

ಮಕ್ಕಳ ವಿಷಯಕ್ಕೆ ಬಂದರೆ ಕೆಲವು ಹಳೆಯ ಪ್ರಯೋಗಗಳು ಇವತ್ತಿಗೂ ಓದಲು ಸೊಗಸು.

ಸಾಲೊಮನ್ ಆಶ್ ಮತ್ತು ಹ್ಯಾರಿಯೆಟ್ ನರ್ಲೋವ್ 1960ರಲ್ಲಿ ಎರಡು ಕಡೆ ಬಳಕೆಯಾಗುವ ಪದಗಳನ್ನು ಎತ್ತಿಕೊಂಡರು. ಸಿಹಿ, ತಣ್ಣಗಿನ, ಗಟ್ಟಿ, ಇಂಥವು. ಇವು ವಸ್ತುವಿಗೂ ಹೊಂದುತ್ತವೆ, ಮನುಷ್ಯರ ಸ್ವಭಾವಕ್ಕೂ ಹೊಂದುತ್ತವೆ. ಮೂರು ನಾಲ್ಕು ವರ್ಷದ ಮಕ್ಕಳಿಗೆ ವಸ್ತುವಿನ ಅರ್ಥ ಮಾತ್ರ ಗೊತ್ತಿತ್ತು. ಮನುಷ್ಯರು ಗಟ್ಟಿ ಇರುವುದುಂಟೇ ಎಂದರೆ ಇಲ್ಲ ಅನ್ನುವವರೇ. ಏಳೆಂಟು ವರ್ಷದ ಹೊತ್ತಿಗೆ ಸ್ವಭಾವದ ಅರ್ಥವೂ ಬಂದಿತ್ತು, ಆದರೆ ಅದು ಬೇರೆಯೇ ಪದವೇನೋ ಎಂಬ ಹಾಗೆ. ಕಲ್ಲು ಗಟ್ಟಿ, ಮನಸ್ಸೂ ಗಟ್ಟಿ, ಎರಡಕ್ಕೂ ಇರುವ ನಂಟೇನು ಎಂದು ಹೇಳಲು ಇನ್ನೂ ದೊಡ್ಡವರಾಗಬೇಕಾಯಿತು.

ಎಲೆನ್ ವಿನ್ನರ್ ಮತ್ತು ಜೊತೆಗಾರರ 1976ರ ಅಧ್ಯಯನದಲ್ಲಿ ಒಂದು ವಾಕ್ಯ ಇತ್ತು. ವರ್ಷಗಟ್ಟಲೆ ಜೈಲಿನಲ್ಲಿ ಕೆಲಸ ಮಾಡಿ ಕಾವಲುಗಾರ ಅಲುಗಾಡಿಸಲಾಗದ ಬಂಡೆಯಾಗಿಬಿಟ್ಟಿದ್ದ ಎಂಬ ಅರ್ಥದ್ದು. ಚಿಕ್ಕ ಮಕ್ಕಳಲ್ಲಿ ಕೆಲವರು ಇದನ್ನು ಮಾಯಾಜಾಲದ ಕತೆ ಮಾಡಿದರು: ಯಾರೋ ಅವನನ್ನು ಬಂಡೆ ಮಾಡಿಬಿಟ್ಟರು. ಕೆಲವರು ಜೈಲನ್ನೇ ಬದಲಿಸಿದರು: ಅವನು ಬಂಡೆಯ ಗೋಡೆಗಳಿರುವ ಜೈಲಿನಲ್ಲಿ ಕೆಲಸ ಮಾಡುತ್ತಿದ್ದ. ಇನ್ನು ಕೆಲವರು ರೂಪಕದ ಹತ್ತಿರ ಬಂದರು, ಆದರೆ ಮೈಯಲ್ಲೇ ನಿಂತರು: ಅವನ ಮೈ ಗಟ್ಟಿ. ದೊಡ್ಡ ಮಕ್ಕಳು ಮಾತ್ರ ಅವನು ಕಲ್ಲುಮನಸ್ಸಿನವನಾಗಿದ್ದ ಎಂದರು.

ಈ ತಪ್ಪುಗಳನ್ನು ನೋಡಿ ನಗಬಾರದು. ಪ್ರತಿಯೊಂದರಲ್ಲೂ ಮಗು ತನಗೆ ಗೊತ್ತಿರುವುದನ್ನು ಪೂರ್ತಿ ಬಳಸಿಕೊಂಡಿದೆ. ಬಂಡೆ ಅದಕ್ಕೆ ಗೊತ್ತು. ಗೊತ್ತಿಲ್ಲದ್ದು ಇನ್ನೊಂದು ಕಡೆಯ ವಿಷಯ. ಒಂದೇ ಕೆಲಸದಲ್ಲಿ ಬಹಳ ವರ್ಷ ಕಳೆದರೆ ಮನುಷ್ಯನ ಮನಸ್ಸು ಏನಾಗುತ್ತದೆ ಎಂಬುದು ಆರು ವರ್ಷದ ಮಗುವಿಗೆ ಹೇಗೆ ತಾನೇ ತಿಳಿಯಬೇಕು? ಉಪಮಾನ ಗೊತ್ತಿದ್ದರೆ ಸಾಲದು, ಉಪಮೇಯವೂ ಗೊತ್ತಿರಬೇಕು. ಫ್ರಾಂಕ್ ಕೈಲ್ 1986ರಲ್ಲಿ ತೋರಿಸಿದ್ದೂ ಇದಕ್ಕೆ ಹತ್ತಿರ. ಮಕ್ಕಳಿಗೆ ರೂಪಕ ತಿಳಿಯುವ ಶಕ್ತಿ ಒಂದು ದಿನ ಒಟ್ಟಿಗೆ ಬರುವುದಿಲ್ಲ. ಯಾವ ಯಾವ ವಿಷಯ ಚೆನ್ನಾಗಿ ತಿಳಿಯುತ್ತದೋ ಆ ವಿಷಯದ ರೂಪಕಗಳು ಮೊದಲು ತೆರೆದುಕೊಳ್ಳುತ್ತವೆ.

ಇನ್ನೊಂದು ಸಂಗತಿ ನನಗೆ ಮುಖ್ಯ ಅನ್ನಿಸುತ್ತದೆ. ಆಟಿಸಂ ಇರುವ ಮಕ್ಕಳಿಗೆ ರೂಪಕ ಕಷ್ಟ, ಎದುರಿನವರ ಮನಸ್ಸು ಓದಲು ಆಗದಿರುವುದೇ ಕಾರಣ ಎಂದು ಬಹಳ ಕಾಲ ನಂಬಿದ್ದರು. ಕೋರ್ಟ್ನಿ ನಾರ್ಬರಿ 2005ರಲ್ಲಿ ಇದನ್ನು ಪರೀಕ್ಷಿಸಿದಾಗ, ಮಗು ರೂಪಕವನ್ನು ಎಷ್ಟು ಚೆನ್ನಾಗಿ ತಿಳಿಯುತ್ತದೆ ಎಂಬುದಕ್ಕೆ ಹೆಚ್ಚು ಒಳ್ಳೆಯ ಸುಳಿವು ಸಿಕ್ಕಿದ್ದು ಪದಾರ್ಥಗಳ ತಿಳಿವಳಿಕೆಯಲ್ಲಿ. ‘ಈ ಮಗುವಿಗೆ ರೂಪಕ ಆಗುವುದಿಲ್ಲ’ ಎಂದು ಹಣೆಪಟ್ಟಿ ಹಚ್ಚುವ ಮೊದಲು ಅದಕ್ಕೆ ಪದ ಗೊತ್ತಿದೆಯೇ ಎಂದು ನೋಡುವುದು ಒಳ್ಳೆಯದು.

ಒಂದು ಗೊತ್ತಾದರೆ ಅದರ ಬಳಗವೇ ಗೊತ್ತು

ರೂಪಕಗಳು ಒಂಟಿಯಾಗಿ ಇರುವುದು ಕಡಿಮೆ. ಭಾಷಾವಿಜ್ಞಾನಿ ಜಾರ್ಜ್ ಲೇಕಾಫ್ ಮತ್ತು ತತ್ವಶಾಸ್ತ್ರಜ್ಞ ಮಾರ್ಕ್ ಜಾನ್ಸನ್ 1980ರಲ್ಲಿ ಹೇಳಿದ ಮುಖ್ಯ ಮಾತು ಇದು: ನಾವು ಒಂದು ವಿಷಯವನ್ನು ಇಡಿಯಾಗಿ ಇನ್ನೊಂದರ ಮೂಲಕ ಯೋಚಿಸುತ್ತೇವೆ, ದಿನಬಳಕೆಯ ಮಾತು ಅಲ್ಲಿಂದ ಹೊರಡುತ್ತದೆ.

ಕೋಪವನ್ನೇ ನೋಡಿ. ಕನ್ನಡದಲ್ಲಿ ಅದು ಬೆಂಕಿ. ಉರಿದುಬಿದ್ದ. ಕೆಂಡಾಮಂಡಲವಾದ. ಒಳಗೇ ಕುದಿಯುತ್ತಿದ್ದ. ಅವಳು ತುಪ್ಪ ಸುರಿದಳು. ಆಮೇಲೆ ತಣ್ಣಗಾದ. ಹೊಟ್ಟೆಕಿಚ್ಚಿನ ಕಿಚ್ಚೂ ಬೆಂಕಿಯೇ. ಇಷ್ಟು ತಲೆಯಲ್ಲಿದ್ದರೆ ಹಿಂದೆಂದೂ ಕೇಳದ ಸಾಲೂ ಎದುರು ನಿಂತು ಮಾತಾಡುತ್ತದೆ. ‘ಜಗಳ ಮುಗಿದು ವರ್ಷವಾಯಿತು, ಬೂದಿ ಕೆದಕಬೇಡ’ ಎಂದರೆ ಒಳಗೆ ಇನ್ನೂ ಕೆಂಡ ಇದೆ ಎಂದು ಯಾರೂ ಹೇಳಬೇಕಿಲ್ಲ. ಆದರೆ ಆರಿದ ಹಾಗೆ ಕಾಣುವ ಬೂದಿಯ ಕೆಳಗೆ ಕೆಂಡ ಜೀವ ಹಿಡಿದಿರುತ್ತದೆ ಎಂಬುದು ಗೊತ್ತಿರಬೇಕು. ಒಲೆ ಹಚ್ಚುವುದೆಂದರೆ ಗುಂಡಿ ತಿರುಗಿಸುವುದು ಎಂದಷ್ಟೇ ಕಂಡವರಿಗೆ ಇದನ್ನು ಒಮ್ಮೆ ತೋರಿಸಬೇಕಾಗುತ್ತದೆ.

‘ಮಾತು’ ಎಂಬುದು ವಸ್ತು. ಕೊಡಬಹುದು, ಇಟ್ಟುಕೊಳ್ಳಬಹುದು, ಮುರಿಯಬಹುದು, ನುಂಗಬಹುದು, ತೇಲಿಸಬಹುದು. ಇಷ್ಟು ರೂಢಿಯಾಗಿವೆ ಎಂದರೆ ಇವು ರೂಪಕ ಎಂದೇ ಅನ್ನಿಸುವುದಿಲ್ಲ. ಬ್ರಯನ್ ಬೌಡಲ್ ಮತ್ತು ಡೆಡ್ರ ಜೆಂಟ್ನರ್ 2005ರಲ್ಲಿ ಹೇಳಿದ ಪ್ರಕಾರ ರೂಪಕಕ್ಕೂ ವಯಸ್ಸಾಗುತ್ತದೆ. ಹೊಸದಾಗಿದ್ದಾಗ ಎರಡನ್ನೂ ಪಕ್ಕಪಕ್ಕ ಇಟ್ಟು ಹೋಲಿಸುತ್ತೇವೆ. ಹಳತಾದ ಮೇಲೆ ಹೋಲಿಕೆ ಬೇಕಿಲ್ಲ, ಆ ಅರ್ಥವೇ ಪದದ ಇನ್ನೊಂದು ಅರ್ಥವಾಗಿ ಕೂತುಬಿಡುತ್ತದೆ. ‘ಸಮಸ್ಯೆಯ ಬೇರು’ ಎಂದಾಗ ನಮಗೆ ಮರ ಕಾಣುವುದಿಲ್ಲ. ಒಳ್ಳೆಯ ಬರಹಗಾರರು ಇಂಥ ಕಡೆ ‘ಬೇರು ಕಿತ್ತರು, ಆದರೆ ಮಣ್ಣು ಅದೇ’ ಎಂದು ಬರೆದು ಮಲಗಿದ್ದ ಮರವನ್ನು ಎಬ್ಬಿಸುತ್ತಾರೆ. ‘ಬೇರು’ ಎಂದರೆ ‘ಕಾರಣ’ ಎಂದು ಮಾತ್ರ ಕಲಿತವರಿಗೆ ಆ ಮಣ್ಣು ಎಲ್ಲಿಂದ ಬಂತು ಎಂದೇ ತಿಳಿಯದು.

ಪದ ಗೊತ್ತಿದ್ದೂ ಸಾಲದ ಕಡೆ

‘ಮಳೆ ಕೈಕೊಟ್ಟಿತು.’ ಮಳೆ ಗೊತ್ತು, ಕೈ ಗೊತ್ತು, ಕೊಡುವುದು ಗೊತ್ತು. ಕನ್ನಡ ಹೊಸದಾಗಿ ಕಲಿತವರು ಇಲ್ಲಿ ಮಳೆ ಬಂದು ಸಹಾಯ ಮಾಡಿತು ಎಂದೇ ಓದುತ್ತಾರೆ. ನ್ಯಾಯವಾಗಿ ನೋಡಿದರೆ ಅವರು ಹೇಳುವುದೇ ಸರಿ! ಕೈ ಹಿಡಿದರೆ ಸಹಾಯ. ಕೈ ಬಿಟ್ಟರೆ ಇಲ್ಲ. ಕೈಕೊಟ್ಟರೆ ಮೋಸ. ಕೈ ಮಾಡಿದರೆ ಹೊಡೆತ. ಕೈಗೂಡಿದರೆ ಗೆಲುವು. ಕೈ ಎಂಬ ಅಂಗದ ಬಗ್ಗೆ ಎಷ್ಟು ಆಳಕ್ಕೆ ತಿಳಿದಿದ್ದರೂ ಕೈಕೊಡುವುದು ಮೋಸ ಎಂದು ಲೆಕ್ಕ ಹಾಕಿ ಕಂಡುಕೊಳ್ಳಲು ಬರುವುದಿಲ್ಲ.

ಇಂಥ ನುಡಿಗಟ್ಟನ್ನು ಒಂದೇ ಪದದ ಹಾಗೆ ಇಡಿಯಾಗಿ ಕಲಿಯಬೇಕು. ಬಳಕೆಯಲ್ಲಿ ಮತ್ತೆ ಮತ್ತೆ ಕೇಳಿ ಕಲಿಯುವುದೇ ದಾರಿ. ಕಡಿವಾಣ ಹಾಕುವುದನ್ನು ಬಿಡಿಸಿ ನೋಡಬಹುದು, ಒಳಗೆ ಕುದುರೆ ಸಿಗುತ್ತದೆ. ಕೈಕೊಡುವುದನ್ನು ಬಿಡಿಸಿದರೆ ಏನೂ ಸಿಗುವುದಿಲ್ಲ. ಎರಡನ್ನೂ ಒಂದೇ ರೀತಿ ಕಲಿಸಲು ಹೋದರೆ ಒಂದು ಕೆಡುತ್ತದೆ.

ಪದದ ಸುತ್ತ ಜನ ಕಟ್ಟಿರುವ ಭಾವವೂ ಬೇಕು. ಗೂಬೆಯ ಕಣ್ಣು, ರೆಕ್ಕೆ, ಬೇಟೆ ಎಲ್ಲವನ್ನೂ ಓದಿಕೊಂಡ ಪಕ್ಷಿತಜ್ಞನಿಗೂ ‘ನನ್ನ ಮೇಲೆ ಗೂಬೆ ಕೂರಿಸಬೇಡ’ ಎಂದರೆ ತಪ್ಪು ಹೊರಿಸಬೇಡ ಎಂದು ತಿಳಿಯುವುದು ಕನ್ನಡ ಗೊತ್ತಿದ್ದರೆ ಮಾತ್ರ. ಇಂಗ್ಲಿಷ್ ಕತೆಗಳಲ್ಲಿ ಅದೇ ಗೂಬೆ ಜಾಣತನದ ಗುರುತು. ಅನುವಾದ ಓದುವ ಮಕ್ಕಳು ಇಲ್ಲಿ ಗಲಿಬಿಲಿಯಾದರೆ ಅದು ಅವರ ತಪ್ಪಲ್ಲ.

ಓದಿಸುವವರು ಮಾಡಬಹುದಾದ ಕೆಲಸ ಏನು? ಪಟ್ಟಿ ಕೊಡುವುದಕ್ಕಿಂತ ಒಂದು ಸಾಲಿನ ಮುಂದೆ ಸ್ವಲ್ಪ ಹೊತ್ತು ನಿಲ್ಲುವುದು. ಆ ವಸ್ತು ಯಾರ ಕೈಯಲ್ಲಿರುತ್ತದೆ, ಏನು ಮಾಡುತ್ತದೆ, ಕೆಲಸ ಆದ ಮೇಲೆ ಏನು ಉಳಿಯುತ್ತದೆ ಎಂದು ಕೇಳುವುದು. ಬಂದ ಉತ್ತರಗಳಲ್ಲಿ ಯಾವುದು ಈ ಸಾಲಿಗೆ ಹೊಂದುತ್ತದೆ, ಯಾವುದು ಹೊಂದುವುದಿಲ್ಲ ಎಂದು ಆರಿಸಲು ಬಿಡುವುದು. ಹೊಂದದ್ದನ್ನು ಬಿಡುವ ಅಭ್ಯಾಸಕ್ಕೆ ಜಾಸ್ತಿ ಬೆಲೆ ಕೊಡಬೇಕು, ಯಾಕೆಂದರೆ ಶಾರ್ಕ್ ಪ್ರಯೋಗದಲ್ಲಿ ಕಂಡ ಎರಡನೆಯ ಕೆಲಸ ಅದೇ. ಚಿತ್ರವೋ ವಿಡಿಯೋವೋ ಇದ್ದರೆ ತೋರಿಸಬಹುದು, ವಸ್ತುವೇ ಸಿಕ್ಕರೆ ಇನ್ನೂ ಒಳ್ಳೆಯದು. ನಿಘಂಟು ನೋಡುವಾಗಲೂ ಆಲಂಕಾರಿಕ ಅರ್ಥಕ್ಕೆ ನೇರ ಹಾರದೆ ಮೊದಲ ಅರ್ಥ ಓದಿಬಿಟ್ಟರೆ ಅರ್ಧ ಕೆಲಸ ಆದಂತೆ.

ಹಾಗಂತ ಪದದ ಕೊರತೆ ಮಕ್ಕಳದ್ದು ಮಾತ್ರ ಅಂದುಕೊಳ್ಳಬೇಡಿ. ‘ತಲೆ ಹ್ಯಾಂಗ್ ಆಗಿದೆ ಅಜ್ಜಿ’ ಎಂದು ಮೊಮ್ಮಗ ಹೇಳುತ್ತಾನೆ. ಕಂಪ್ಯೂಟರ್ ಮುಟ್ಟದ ಅಜ್ಜಿ ಅದನ್ನು ತಲೆನೋವು ಎಂದುಕೊಳ್ಳುತ್ತಾರೆ, ಔಷಧಿ ಹುಡುಕುತ್ತಾರೆ. ಹ್ಯಾಂಗ್ ಆದ ಯಂತ್ರ ಕೆಟ್ಟಿರುವುದಿಲ್ಲ. ಪರದೆ ಬೆಳಗುತ್ತಿರುತ್ತದೆ, ಒಳಗೆ ಏನೇನೋ ಓಡುತ್ತಿರುತ್ತದೆ, ಆದರೆ ಏನು ಒತ್ತಿದರೂ ಉತ್ತರವಿಲ್ಲ. ಒಂದೇ ಸಲ ಹತ್ತು ಕೆಲಸ ಹೇರಿದಾಗ ಹಾಗಾಗುವುದುಂಟು. ಅದನ್ನು ರಿಪೇರಿಗೆ ಒಯ್ಯಬೇಕಿಲ್ಲ, ಆಫ್ ಮಾಡಿ ಸ್ವಲ್ಪ ಬಿಟ್ಟು ಆನ್ ಮಾಡಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಇಷ್ಟನ್ನು ಅಜ್ಜಿಗೆ ಹೇಳಿದರೆ ಅವರು ಔಷಧಿ ಹುಡುಕುವುದನ್ನು ಬಿಟ್ಟು, ‘ಹಾಗಾದರೆ ಹೋಗಿ ಮಲಗು’ ಎನ್ನುತ್ತಾರೆ.